ಸ್ಪ್ರಾಕೆಟ್ ಇಲ್ಲದೆ ಮೂಕಿ ರೀಲು ಸ್ಕ್ಯಾನ್ ಮಾಡಿದ್ದು: ನನ್ನ ಅನುಭವ

ಕುಗ್ಗಿದ 16 ಎಂಎಂ ಅಗಲದ ಫಿಲ್ಮ್ ರೀಲನ್ನು ಸ್ಪ್ರಾಕೆಟ್ (ಅಂಚಿನ ತೂತಿಗೆ ಸಿಕ್ಕಿ ಫಿಲ್ಮ್ ಎಳೆಯುವ ಹಲ್ಲುಚಕ್ರ) ಇಲ್ಲದೆ ಓಡಿಸಿ ಸ್ಕ್ಯಾನ್ ಮಾಡಬಹುದು. ಆಗಲ್ಲ ಅಂತ ವಾದ ಮಾಡಿದವರೆಲ್ಲ ಈಗ ನನ್ನ ಫೈಲು ನೋಡಿ ಸುಮ್ಮನಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ರೀಲು ಮೈಸೂರಿನ ಒಂದು ಮನೆಯದು. ನೂರು ಅಡಿಯ ಮೂರು ಡಬ್ಬ. ದಸರಾ ಮೆರವಣಿಗೆ, ತರಕಾರಿ ಮಾರುವವರು, ಕಲ್ಯಾಣಿಗೆ ಹಾರುವ ಹುಡುಗರು, ರೈಲ್ವೆ ಸ್ಟೇಷನ್‌ನಲ್ಲಿ ಕ್ಯಾಮರಾ ಕಡೆ ಬಾಯಿಬಿಟ್ಟು ನೋಡುವ ಜನ. ಕತೆ ಇಲ್ಲ, ನಟರಿಲ್ಲ. 1899ರಲ್ಲಿ ಭಾರತದ ಆದಿ ಚಿತ್ರಗ್ರಾಹಕ ಸಾವೆ ದಾದಾ ಬಾಂಬೆಯ ಹ್ಯಾಂಗಿಂಗ್ ಗಾರ್ಡನ್ಸ್‌ನಲ್ಲಿ ಕುಸ್ತಿ ತೆಗೆದರಲ್ಲ, ಅದೇ ಜಾತಿಯದು. ಡಬ್ಬ ತೆಗೆದರೆ ಗಪ್ ಅಂತ ವಿನೆಗರ್ ವಾಸನೆ, ಅಂದರೆ ಫಿಲ್ಮ್ ಕೊಳೆಯಲು ಶುರುವಾಗಿದೆ. "ಅದು ಹೋಯ್ತು ಬಿಡಿ ಸಾರ್, ಎಸೆಯೋಣ ಅಂತಿದ್ವಿ" ಅಂದರು ಮನೆಯ ಯಜಮಾನರು. ಒಂದು ಲ್ಯಾಬ್‌ನವರು ಫೋಟೋ ನೋಡಿಯೇ ಬೇಡ ಅಂದರು. ಇನ್ನೊಂದು ಕಡೆ ಮೂರಕ್ಕೂ ಸೇರಿ ಐವತ್ತು ಸಾವಿರದ ಮೇಲೆ ಹೇಳಿದರು, ಅದೂ ಗ್ಯಾರಂಟಿ ಇಲ್ಲದೆ.

ನೂರು ತೂತಿನ ಉದ್ದ ಅಳೆದೆ. 762 ಮಿಲಿಮೀಟರ್ ಇರಬೇಕು, 750ರ ಆಸುಪಾಸು ಬಂತು. ಅಂದರೆ ಒಂದೂವರೆ ಪರ್ಸೆಂಟ್ ಮೇಲೆ ಕುಗ್ಗಿದೆ. ಇಂಥದ್ದನ್ನು ಪ್ರೊಜೆಕ್ಟರಿಗೆ ಹಾಕಿದರೆ ಹರಿಯುವ ಭಯ. ಆದರೂ ನೋಡೋಣ ಅಂತ, ಯಾರಿಗೂ ಬೇಡದ, ಇಷ್ಟೇ ಕುಗ್ಗಿದ ಒಂದು ಸರ್ಕಾರಿ ಪ್ರಚಾರದ ರೀಲನ್ನು ಹಳೇ ಪ್ರೊಜೆಕ್ಟರಿಗೆ ಹಾಕಿದೆ. ಬೆಳಕನ್ನು ಮುಚ್ಚಿ ತೆರೆಯುವ ಶಟರ್ ತೆಗೆದು, ದೀಪದ ಜಾಗಕ್ಕೆ ಎಲ್‌ಇಡಿ ಇಟ್ಟು, ನಿಧಾನದ ಮೋಟಾರ್ ಕೂರಿಸಿದೆ. ಹತ್ತು ಅಡಿ ಹೋಗುವಷ್ಟರಲ್ಲಿ ಕ್ಲಾ (ತೂತಿಗೆ ಸಿಕ್ಕಿ ಫ್ರೇಮ್ ಎಳೆಯುವ ಕೊಕ್ಕೆ) ತೂತು ತಪ್ಪಿ ಫಿಲ್ಮನ್ನೇ ಕಚ್ಚಲು ಶುರು ಮಾಡಿತು. ಪ್ರೊಜೆಕ್ಟರಿಗೆ ಆರೂವರೆ ಸಾವಿರ ಕೊಟ್ಟಿದ್ದೆ, ಈಗ ಶೆಲ್ಫಿನ ಮೇಲೆ ಅಲಂಕಾರಕ್ಕಿದೆ.

ಆಮೇಲೆ ಕ್ಲಾ, ಸ್ಪ್ರಾಕೆಟ್ ಎರಡನ್ನೂ ಬಿಟ್ಟೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟಾರ್ ತಂದು, ರೋಲರ್‌ಗಳನ್ನು 3ಡಿ ಪ್ರಿಂಟ್ ಮಾಡಿಸಿ, ಫಿಲ್ಮನ್ನು ಬರೀ ಹಿಡಿತದ ಮೇಲೆ ಎಳೆಯುವ ಹಾಗೆ ಮಾಡಿದೆ. ತೂತು ಎಣಿಸಲು ಇನ್‌ಫ್ರಾರೆಡ್ ಸೆನ್ಸರ್. ಇದು ಕೈಕೊಟ್ಟಿದ್ದು ಬೇರೆ ಥರ. ಹರಿದ ತೂತನ್ನು ಎರಡು ಅಂತ ಎಣಿಸುತ್ತಿತ್ತು, ಕೊಳೆ ಕೂತ ತೂತನ್ನು ಬಿಟ್ಟೇಬಿಡುತ್ತಿತ್ತು. ರಬ್ಬರ್ ರೋಲರ್ ಜಾರುತ್ತಿತ್ತು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ನೂರು ಫ್ರೇಮಿಗೆ ಏಳೆಂಟು ಅರ್ಧಕ್ಕೆ ಕತ್ತರಿಸಿ ಬರುತ್ತಿದ್ದವು. ಗೆಳೆಯನೊಬ್ಬ, ಥಿಯೇಟರಿನಲ್ಲಿ ಆಪರೇಟರ್ ಆಗಿ ರಿಟೈರ್ ಆದವನು, ದಿನಾ ಬಂದು "ಹಲ್ಲಿಲ್ಲದೆ ಕಬ್ಬು ತಿಂತೀಯೇನಪ್ಪಾ" ಅಂತ ನಗುತ್ತಿದ್ದ.

ದಾರಿ ತೆರೆದದ್ದು ಸೆನ್ಸರನ್ನು ಕಿತ್ತು ಹಾಕಿದ ಮೇಲೆ. ಕ್ಯಾಮರಾ ಹೇಗೂ ಫಿಲ್ಮ್ ನೋಡುತ್ತಿದೆ, ಅದೇ ತೂತನ್ನೂ ನೋಡಲಿ ಅಲ್ವಾ? ಗೇಟನ್ನು, ಅಂದರೆ ಫಿಲ್ಮ್ ಕ್ಯಾಮರಾ ಮುಂದೆ ಹಾಯುವ ಚೌಕಟ್ಟನ್ನು, ಅಗಲ ಮಾಡಿ ಎರಡೂ ಬದಿಯ ತೂತು ಚಿತ್ರದೊಳಗೇ ಬರುವಂತೆ ಇಟ್ಟೆ. ರಾಸ್ಪ್‌ಬೆರ್ರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಎಚ್‌ಕ್ಯೂ ಕ್ಯಾಮರಾ, ತಿರುಗಿಸಿ ಹಾಕಿದ 50 ಎಂಎಂ ಎನ್‌ಲಾರ್ಜರ್ (ಫೋಟೋ ದೊಡ್ಡದು ಮಾಡುವ ಯಂತ್ರದ) ಲೆನ್ಸ್. ಪ್ರತಿ ಫ್ರೇಮಿನಲ್ಲೂ ಓಪನ್‌ಸಿವಿ ಅನ್ನುವ, ಚಿತ್ರ ಗುರುತಿಸುವ ಸಾಫ್ಟ್‌ವೇರ್ ತೂತು ಹುಡುಕುತ್ತದೆ, ಎಷ್ಟು ಸರಿದಿದೆ ಅಂತ ನೋಡಿ ಮುಂದಿನ ಹೆಜ್ಜೆಯನ್ನು ಅಷ್ಟು ಹೆಚ್ಚುಕಮ್ಮಿ ಮಾಡುತ್ತದೆ. ಒಂದು ಬದಿ ಹರಿದಿದ್ದರೆ ಇನ್ನೊಂದು ಬದಿಯದನ್ನು ನಂಬುತ್ತದೆ. ಸೈಲೆಂಟ್ ಫಿಲ್ಮಿಗೆ ಎರಡೂ ಕಡೆ ತೂತು ಇರುವುದು ಇಲ್ಲಿ ವರವಾಯಿತು. ಫಿಲ್ಮ್ ಎಷ್ಟು ಕುಗ್ಗಿದರೂ ಮಷೀನಿಗೆ ಈಗ ಲೆಕ್ಕಕ್ಕಿಲ್ಲ.

ರೋಲರ್‌ಗೆ ಸುತ್ತಿದ್ದು ಏನು ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಹೇಳಲ್ಲ. ಮನೆಯಲ್ಲೇ ಸಿಗುವ ವಸ್ತು, ಅಷ್ಟು ಸಾಕು. ಸುರುಳಿಗಟ್ಟಿದ ಫಿಲ್ಮ್ ಗೇಟಿನಲ್ಲಿ ಚಪ್ಪಟೆ ಕೂರುವ ಉಪಾಯವೂ ನನ್ನ ಹತ್ತಿರವೇ ಇರಲಿ.

ಖರ್ಚು ಎಲ್ಲ ಸೇರಿ ಮೂವತ್ತೆಂಟು ಸಾವಿರದ ಹತ್ತಿರ, ಅಲಂಕಾರದ ಪ್ರೊಜೆಕ್ಟರ್ ಬಿಟ್ಟು. ಎರಡು ಸೆಕೆಂಡಿಗೆ ಒಂದು ಫ್ರೇಮ್. ನೂರು ಅಡಿಗೆ ನಾಲ್ಕು ಸಾವಿರ ಫ್ರೇಮ್, ಅಂದರೆ ರೀಲಿಗೆ ಎರಡೂಕಾಲು ಗಂಟೆ. ರಾ ಫೈಲು ಎಪ್ಪತ್ತು ಜಿಬಿ ದಾಟುತ್ತೆ, ಹಾರ್ಡ್ ಡಿಸ್ಕಿಗೆ ಬೇರೆ ದುಡ್ಡು ಎತ್ತಿಡಿ.

ಸ್ಕ್ಯಾನ್ ಅರ್ಧ ಕೆಲಸ. ಇನ್ನರ್ಧ ವೇಗ. ಸೆಕೆಂಡಿಗೆ ಹದಿನಾರು ಫ್ರೇಮಿನಲ್ಲಿ ತೆಗೆದ ಫಿಲ್ಮನ್ನು ಇಪ್ಪತ್ನಾಲ್ಕರಲ್ಲಿ ಓಡಿಸಿದರೆ ಎಲ್ಲ ಒಂದೂವರೆ ಪಟ್ಟು ಫಾಸ್ಟ್. ಅಂಬಾರಿ ಆನೆ ಬಸ್ ತಪ್ಪಿದವರಂತೆ ಓಡುತ್ತದೆ, ನೋಡುವವರು ನಗುತ್ತಾರೆ. ಆ ಕಾಲದ ಜನರೇ ಹಾಗೆ ನಡೆಯುತ್ತಿದ್ದರೇನೋ ಅಂತ ನಂಬಿದವರೂ ಇದ್ದಾರೆ! ಕಣ್ಣಂದಾಜಿಗೆ ಬಿಡಬಾರದು, ಅಳತೆ ಬೇಕು.

ನನ್ನ ಅಳತೆ ಸಿಕ್ಕಿದ್ದು ಮೆರವಣಿಗೆಯ ಸಿಪಾಯಿಗಳ ಕಾಲಲ್ಲಿ. ಬ್ರಿಟಿಷ್ ಡ್ರಿಲ್ಲಿನ ಕ್ವಿಕ್ ಮಾರ್ಚ್ ನಿಮಿಷಕ್ಕೆ ಸುಮಾರು 120 ಹೆಜ್ಜೆ. ಅಂದರೆ ಹೆಜ್ಜೆಗೆ ಅರ್ಧ ಸೆಕೆಂಡ್. ಇಪ್ಪತ್ತು ಹೆಜ್ಜೆಗೆ ಎಷ್ಟು ಫ್ರೇಮ್ ಅಂತ ಎಣಿಸಿದೆ, 165ರ ಹತ್ತಿರ ಬಂತು. ಸೆಕೆಂಡಿಗೆ ಹದಿನಾರೂವರೆ. ಇದನ್ನು ನಂಬದವರಿಗೆ ಕಲ್ಯಾಣಿಯ ಹುಡುಗರು ಸಾಕ್ಷಿ. ಆ ಕಲ್ಯಾಣಿ ಈಗಲೂ ಇದೆ, ಟೇಪು ಹಿಡಿದು ಹೋಗಿ ಮೆಟ್ಟಿಲು ಅಳೆದೆ. ಮೂರು ಮೀಟರ್ ಬೀಳಲು ಮುಕ್ಕಾಲು ಸೆಕೆಂಡಿಗಿಂತ ಚೂರು ಜಾಸ್ತಿ ಬೇಕು. ಹುಡುಗ ಎತ್ತರದ ತುದಿಯಿಂದ ನೀರಿಗೆ ಮುಟ್ಟಲು 13 ಫ್ರೇಮ್ ತಗೊಂಡ. ಎರಡೂ ಲೆಕ್ಕ ಹೊಂದಿತು. ಹೂವು ಎರಚುವ ಶಾಟಿನಲ್ಲೂ ನೋಡಿದೆ, ಗಾಳಿಗೆ ತೇಲುತ್ತೆ, ಉಪಯೋಗವಿಲ್ಲ. ಚಿತ್ರದಲ್ಲಿ ಗಡಿಯಾರ ಇದೆಯಲ್ಲ, ಅದರ ಮುಳ್ಳು ನೋಡಿ ಅಂತ ಒಬ್ಬರು ಸಲಹೆ ಕೊಟ್ಟರು. ಶಾಟ್ ಇರುವುದೇ ಇಪ್ಪತ್ತು ಸೆಕೆಂಡು ಸ್ವಾಮಿ.

ತರಕಾರಿ ಶಾಟ್‌ಗಳು 18ರ ಕಡೆ ಹೋಗುತ್ತವೆ, ಒಂದೇ ಶಾಟಿನೊಳಗೂ ವೇಗ ಏರಿಳಿಯುತ್ತೆ. ಕೈಯಲ್ಲಿ ತಿರುಗಿಸುವ ಕ್ಯಾಮರಾ ಅಂತ ನನ್ನ ಅನುಮಾನ. 1923ರ ಮೊದಲ ಸಿನೆ-ಕೊಡ್ಯಾಕ್ ಹಾಗೇ ಇತ್ತು, ಸೆಕೆಂಡಿಗೆ ಎರಡು ಸುತ್ತು. ತರಕಾರಿಯವಳು ಬೈಯುತ್ತಿರುವಾಗ ಕ್ಯಾಮರಾ ಹಿಡಿದ ತಾತ ಸ್ವಲ್ಪ ಜೋರಾಗಿ ತಿರುಗಿಸಿರಬೇಕು.

ಫೈಲು ಮಾಡುವಾಗ ಸೆಕೆಂಡಿಗೆ ಹದಿನಾರು ಅಂತ ಹಿಡಿದು ಪ್ರತಿ ಫ್ರೇಮನ್ನೂ ಮೂರು ಸಲ ಇಟ್ಟು 48ಕ್ಕೆ ಏರಿಸಿದೆ. ಹಳೇ ಪ್ರೊಜೆಕ್ಟರಿನ ಮೂರು ರೆಕ್ಕೆಯ ಶಟರ್ ಮಾಡುತ್ತಿದ್ದುದೂ ಅದನ್ನೇ. ಎಐ ಹಾಕಿ 60 ಫ್ರೇಮ್ ಮಾಡಿ, ಬಣ್ಣ ಹಚ್ಚಿ ಅಂತ ಒತ್ತಾಯ ಬಂತು. ಒಂದು ತುಣುಕು ಮಾಡಿ ನೋಡಿದೆ. ಆನೆಯ ಸೊಂಡಿಲು ಹಿಂದಿನವನ ಪೇಟದೊಳಗೆ ಕರಗಿಹೋಯಿತು. ಅಲ್ಲಿಗೆ ಬಿಟ್ಟೆ.

ಇಸವಿ ಹಿಡಿಯುವುದು ಇನ್ನೊಂದು ಮಜಾ. ಅಂಚಿನಲ್ಲಿರುವ ಕೊಡ್ಯಾಕ್ ಕಂಪನಿಯ ವರ್ಷದ ಗುರುತು ಇಪ್ಪತ್ತು ವರ್ಷಕ್ಕೊಮ್ಮೆ ಮತ್ತೆ ಬರುತ್ತೆ. ನನ್ನದಕ್ಕೆ 1930 ಅಥವಾ 1950. ದೊಡ್ಡ ಗಡಿಯಾರ ಕಾಣಿಸುತ್ತದೆ, ಅದು ಕಟ್ಟಿದ್ದು 1927ರಲ್ಲಿ, ನಾಲ್ವಡಿಯವರ ಬೆಳ್ಳಿ ಹಬ್ಬಕ್ಕೆ. ಅದು ಎರಡಕ್ಕೂ ಹೊಂದುತ್ತೆ. ತೀರ್ಮಾನ ಮಾಡಿದ್ದು ರಸ್ತೆಯ ಕಾರುಗಳು. ಇಪ್ಪತ್ತಾರು ಸೆಕೆಂಡಿನಲ್ಲಿ ಒಂದೂ ಯುದ್ಧದ ನಂತರದ ಮಾಡೆಲ್ ಇಲ್ಲ. ಹಾಗಾಗಿ 1930. ಅದು ಫಿಲ್ಮ್ ತಯಾರಾದ ವರ್ಷ, ಚಿತ್ರ ತೆಗೆದದ್ದು ಒಂದೆರಡು ವರ್ಷ ಆಚೆ ಇರಬಹುದು.

ಈಗ ಕೈಹಾಕಿರುವುದು ಮನೆಬಳಕೆಯ ಹಳೇ ಫ್ರೆಂಚ್ ಫಿಲ್ಮಾದ 9.5 ಎಂಎಂ ಪಾಥೆ ಬೇಬಿಗೆ. ತೂತು ನಡುವೆ ಒಂದೇ, ಹಾಗಾಗಿ ಇನ್ನೊಂದು ಬದಿ ನಂಬುವ ಆಟ ನಡೆಯಲ್ಲ. ಅಂಚಿನಲ್ಲಿ ಕಚ್ಚು ಇರುವ ಕಡೆ ಹಳೇ ಪ್ರೊಜೆಕ್ಟರ್ ತಾನೇ ನಿಂತು ಟೈಟಲ್ ತೋರಿಸುತ್ತಿತ್ತು. ನಾವು ಹಾಗೇ ಸ್ಕ್ಯಾನ್ ಮಾಡಿದರೆ ಟೈಟಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತೆ. ಕಚ್ಚನ್ನು ಸಾಫ್ಟ್‌ವೇರೇ ಗುರುತಿಸಿ ಫ್ರೇಮ್ ಹಿಡಿದಿಡುವ ಹಾಗೆ ಮಾಡುತ್ತಿದ್ದೇನೆ, ಹತ್ತರಲ್ಲಿ ಆರೇಳು ಸರಿ ಬರುತ್ತಿದೆ.

ರೀಲು ಕಳಿಸುತ್ತೇವೆ ಅಂತ ಕೇಳುವವರಿಗೆ: ಅಡಿಗೆ ಮೂವತ್ತು ರೂಪಾಯಿ ತಗೊಳ್ಳುತ್ತೇನೆ, ಕ್ಲೀನಿಂಗ್ ಸೇರಿ. ವಿನೆಗರ್ ವಾಸನೆ ಇದ್ದರೆ ಬೇರೆ ರೀಲುಗಳಿಂದ ದೂರ ಇಡಿ, ತಂಪು ಜಾಗದಲ್ಲಿ. 1951ಕ್ಕಿಂತ ಹಳೆಯ 35 ಎಂಎಂ ಮಾತ್ರ ನನ್ನ ಬಳಿ ತರಬೇಡಿ. ಅದು ಸುಲಭವಾಗಿ ಬೆಂಕಿ ಹತ್ತುವ ನೈಟ್ರೇಟ್ ಫಿಲ್ಮ್ ಆಗಿರಬಹುದು, ಹತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತೆ. ಅದಕ್ಕೆ ಪುಣೆಯ ಫಿಲ್ಮ್ ಆರ್ಕೈವ್ಸ್‌ನವರನ್ನು ಕೇಳಿ.