ಈಸ್ಟರ್ ರಜೆಗೆ ಜರ್ಮನಿಯಲ್ಲೇ ಉಳಿಯೋ ಕೋಲಾರದ ಹುಡುಗರಿಗೆ

ಮಾಲೂರು, ಬಂಗಾರಪೇಟೆ, ಮುಳಬಾಗಿಲು ಕಡೆಯಿಂದ ಜರ್ಮನಿಗೆ ಓದೋಕೆ ಹೋಗಿರೋರು ಈ ಗುಂಪಲ್ಲಿ ಬಹಳ ಜನ ಇದ್ದೀರ. ಈಸ್ಟರ್‌ಗೆ ಎಲ್ಲೂ ಹೋಗದೆ ನಾಲ್ಕೈದು ಜನ ಒಬ್ಬರ ರೂಮಲ್ಲಿ ಸೇರೋ ಯೋಚನೆ ಇದ್ರೆ ಇದನ್ನ ಓದಿ.

ಮೊದಲು ದಿನಸಿ. ಗುಡ್ ಫ್ರೈಡೇ, ಭಾನುವಾರ, ಸೋಮವಾರ ಸೂಪರ್ ಮಾರ್ಕೆಟ್ ಬಾಗಿಲು ಹಾಕಿರುತ್ತೆ. ಮಧ್ಯದ ಶನಿವಾರ ತೆಗೆದಿರುತ್ತೆ, ಆದ್ರೆ ಬಿಲ್ ಕೌಂಟರಲ್ಲಿ ಸಂತೆ. ಗುರುವಾರ ಬೆಳಿಗ್ಗೆನೇ ಮುಗಿಸಿಕೊಳ್ಳಿ. ಮರೆತಿದ್ದಕ್ಕೆ ದೊಡ್ಡ ರೈಲ್ವೆ ಸ್ಟೇಷನ್ ಒಳಗಿನ ಅಂಗಡಿಗಳೇ ಗತಿ, ರೇಟು ಜಾಸ್ತಿ.

ಅಡುಗೆಗೆ ನನ್ನ ಓಟು ಅವರೆಕಾಳು ಸಾರು, ಮುದ್ದೆಗೆ. ಇಂಡಿಯನ್ ಅಂಗಡಿ ಫ್ರೀಜರಲ್ಲಿ 'ಸುರ್ತಿ ಪಾಪ್ಡಿ ಲಿಲ್ವಾ' ಅಂತ ಪ್ಯಾಕೆಟ್ ಸಿಗುತ್ತೆ, ಅದು ಅವರೆಕಾಳೇ. ಸೊಗಡು ಮಾತ್ರ ನಮ್ಮೂರಿನದಲ್ಲ ಬಿಡಿ. ಕರೆಂಟ್ ಒಲೆ ಆಫ್ ಮಾಡಿದ್ರೂ ಕಾವು ಇಳಿಯೋದು ನಿಧಾನ. ಅದಕ್ಕೆ ರಾಗಿ ಹಿಟ್ಟು ಬೆಂದ ಕೂಡ್ಲೇ ಪಾತ್ರೆ ಕೆಳಗಿಟ್ಟು ಮುದ್ದೆ ತಿರುವಿ, ಇಲ್ಲಾಂದ್ರೆ ತಳ ಹಿಡಿಯುತ್ತೆ. ಒಗ್ಗರಣೆಗೆ ಮೊದಲು ಕಿಟಕಿ ತೆಗೀರಿ. ಒಣಮೆಣಸಿನಕಾಯಿ ಘಾಟಿಗೆ ಹೊಗೆ ಅಲಾರಂ ಕಿರುಚಿಕೊಂಡ್ರೆ ಪಕ್ಕದ ಮನೆಯವರೆಲ್ಲ ಹೊರಗೆ ಬರ್ತಾರೆ.

ಗದ್ದಲ ಬೇಡ. ಗುಡ್ ಫ್ರೈಡೇ ಅಲ್ಲಿ ಕಾನೂನಿನ ಪ್ರಕಾರವೇ 'ಮೌನದ ದಿನ', ಎಷ್ಟೋ ರಾಜ್ಯಗಳಲ್ಲಿ ಡ್ಯಾನ್ಸ್ ಪಾರ್ಟಿಗೂ ನಿಷೇಧ. ಇಸ್ಪೀಟು, ಚೌಕಾಬಾರ, ಸಂಜೆ ಒಂದು ವಾಕ್ ಸಾಕು.

ಊರಿಂದ ಯಾರಾದ್ರೂ ಹೊರಟಿದ್ರೆ ಸಾರಿನ ಪುಡಿ, ಹುಣಸೆಹಣ್ಣು ತರಿಸಿ. ಅಮ್ಮನ ತುಪ್ಪ ಬೇಡ, ಹಾಲಿನ ಪದಾರ್ಥ ಯೂರೋಪಿನ ಕಸ್ಟಮ್ಸ್ ಬಿಡಲ್ಲ. ತುಪ್ಪ ಅಲ್ಲೇ ಬೆಣ್ಣೆ ಕಾಯಿಸಿಕೊಳ್ಳಿ, ಚೆನ್ನಾಗೇ ಬರುತ್ತೆ.