ಹರಿ ಎಂದರೆ ಸೂಜಿ, ಹರ ಎಂದರೆ ಹೊಟ್ಟೆ

ಜಪಾನಿಗೆ ಬಂದಿಳಿದ ಕನ್ನಡಿಗರು ಎರಡು ಪದಗಳನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ. ಹರಿ ಎಂದರೆ ಸೂಜಿ; ಅಕ್ಯುಪಂಕ್ಚರ್ ಎಂಬ ಸೂಜಿಚಿಕಿತ್ಸೆಗೂ ಅದೇ ಹೆಸರು. ಹರ ಎಂದರೆ ಹೊಟ್ಟೆ. ಒಂದೇ ಮೂರ್ತಿಯಲ್ಲಿ ಹರಿಹರೇಶ್ವರನನ್ನು ಕಂಡವರು ಮರೆಯುವುದುಂಟೇ? ಇಲ್ಲಿನ ಸೂಜಿಚಿಕಿತ್ಸೆಯಲ್ಲೂ ಇವರಿಬ್ಬರನ್ನು ಬೇರ್ಪಡಿಸುವುದು ಕಷ್ಟ.

ಸೊಂಟನೋವೆಂದು ಮೊದಲ ಸಲ ಹೋದಾಗ ನಾನು ಬೋರಲಾಗಿ ಮಲಗಲು ಹೊರಟೆ. ಚಿಕಿತ್ಸಕರು ಅಂಗಾತ ಮಲಗಿಸಿದರು. ನಮ್ಮ ಪಂಡಿತರಂತೆಯೇ ಮೂರು ಬೆರಳಿಟ್ಟು ಎರಡೂ ಕೈಗಳ ನಾಡಿ ನೋಡಿದರು. ಆಮೇಲೆ ಅಂಗೈ ಹೊಟ್ಟೆಯ ಮೇಲೆ ಬಂತು. ಪಕ್ಕೆಲುಬಿನ ಅಂಚು, ಹೊಕ್ಕುಳ ಸುತ್ತ, ಕಿಬ್ಬೊಟ್ಟೆ; ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಹುಡುಕುತ್ತಾ ಹೋಯಿತು. ‘ಹೊಕ್ಕುಳ ಕೆಳಗೆ ತಣ್ಣಗಿದೆ’ ಎಂದರು. ಸೊಂಟದ ಸುದ್ದಿಯೇ ಇಲ್ಲ. ಮೊದಲ ಸೂಜಿ ಬಿದ್ದದ್ದು ಕಾಲಿನ ಹರಡಿನ ಒಳಮಗ್ಗುಲಿಗೆ!

ಅವರ ಲೆಕ್ಕದಲ್ಲಿ ಇದು ಸರಿ. ಕಿ ಎಂಬ ಪ್ರಾಣಶಕ್ತಿ ಮೈಯಲ್ಲಿ ಹರಿಯುವ ದಾರಿಗಳಿವೆ. ಮೂತ್ರಪಿಂಡದ ದಾರಿ ಅಂಗಾಲಿನಿಂದ ಹೊರಟು ಮೇಲೇರುತ್ತದೆ. ಹೊಕ್ಕುಳ ಕೆಳಗೆ ಆ ಶಕ್ತಿ ಬತ್ತಿದರೆ ಸೊಂಟ ಸೋಲುತ್ತದೆ. ‘ಮೂತ್ರಪಿಂಡ ದುರ್ಬಲ’ ಎಂದರೆ ಗಾಬರಿಯಾಗಬೇಡಿ. ಅದು ಸ್ಕ್ಯಾನಿಂಗಿನಲ್ಲಿ ಕಾಣುವ ಅಂಗದ ಮಾತಲ್ಲ.

ಈ ವಿದ್ಯೆ ಚೀನಾದಿಂದ ಬಂದದ್ದು. ಹೊಟ್ಟೆ ಮುಟ್ಟಿ ನೋಡುವುದಕ್ಕೆ ಇಷ್ಟು ಪ್ರಾಮುಖ್ಯ ಕೊಟ್ಟವರು ಮಾತ್ರ ಜಪಾನಿಗರು. ಅವರ ಭಾಷೆಯೇ ಹಾಗಿದೆ. ಸಿಟ್ಟು ಬಂದರೆ ‘ಹರ ಎದ್ದು ನಿಲ್ಲುತ್ತದೆ’, ಮನಸ್ಸು ಬಿಚ್ಚಿದರೆ ‘ಹರ ಸೀಳಿ ಮಾತಾಡಿದಂತೆ’. ಪರರ ಏಳಿಗೆಗೆ ಹೊಟ್ಟೆಕಿಚ್ಚು ಪಟ್ಟು, ಪರರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಟ್ಟಿ ತಿಳಿಯುವ ಈ ಪದ್ಧತಿಯನ್ನು ಬೆಳೆಸಿದವರಲ್ಲಿ ಅಂಧರ ಪಾಲು ದೊಡ್ಡದು. 1694ರಲ್ಲಿ ತೀರಿಕೊಂಡ ಸುಗಿಯಾಮಾ ವಾಇಚಿ ಅವರಲ್ಲಿ ಪ್ರಸಿದ್ಧರು; ಕೊಳವೆಯ ಮೂಲಕ ಸೂಜಿ ಚುಚ್ಚುವ ಕ್ರಮ ನೆಲೆಯೂರಿದ್ದು ಅವರಿಂದ. ಸೂಜಿ ಕೊಳವೆಗಿಂತ ತುಸು ಉದ್ದ. ಹೊರಗೆ ಇಣುಕುವ ತಲೆಯನ್ನು ತೋರುಬೆರಳಿನಿಂದ ಟಕ್ ಟಕ್ ಎಂದು ತಟ್ಟಿ ಕೊಳವೆ ತೆಗೆಯುತ್ತಾರೆ. ಇರುವೆ ಕಚ್ಚಿದಷ್ಟೂ ನೋವಿಲ್ಲ. ಅಂಧರ ಶಾಲೆಗಳಲ್ಲಿ ಈ ವೃತ್ತಿಯನ್ನು ಇಂದಿಗೂ ಕಲಿಸುತ್ತಾರೆ.

ಇನ್ನು ಕಾಗದಪತ್ರದ ಕಥೆ. ಸೂಜಿಗೂ, ಕ್ಯೂ ಎನ್ನುವ ಶಾಖಚಿಕಿತ್ಸೆಗೂ ಬೇರೆ ಬೇರೆ ರಾಷ್ಟ್ರೀಯ ಪರವಾನಗಿಗಳಿವೆ. ಕನಿಷ್ಠ ಮೂರು ವರ್ಷ ಓದಿ ಪರೀಕ್ಷೆ ಬರೆಯಬೇಕು. (ಕ್ಯೂನಲ್ಲಿ ಸುಡುವುದು ನಮ್ಮ ದವನದ ಕುಲದ ಗಿಡದ ಎಲೆಯ ನಯವಾದ ನಾರು; ವಾಸನೆ ಬಟ್ಟೆಗೆ ಅಂಟುತ್ತದೆ, ಮದುವೆ ಮನೆಗೆ ಹೋಗುವ ದಿನ ಬೇಡ.) ‘ಶಿನ್‌ಕ್ಯೂಇನ್’, ಅಂದರೆ ಸೂಜಿ-ಶಾಖ ಚಿಕಿತ್ಸಾಲಯ, ಎಂಬ ಫಲಕ ಹುಡುಕಿ. ‘ಸೆಯ್ತಾಯ್’ ಎಂದಿದ್ದರೆ ಅದು ಮೈ ನೀವುವ ಅಂಗಡಿ, ಅದಕ್ಕೆ ರಾಷ್ಟ್ರೀಯ ಪರವಾನಗಿಯೇ ಇಲ್ಲ.

ಮೂರು ತಿಂಗಳಿಗಿಂತ ಹೆಚ್ಚು ನೆಲೆಸುವ ನಮ್ಮಂಥವರೂ ಸಾರ್ವಜನಿಕ ಆರೋಗ್ಯ ವಿಮೆಗೆ ಸೇರಲೇಬೇಕು. ಆ ವಿಮೆ ಸೂಜಿಗೂ ಹಣ ಕೊಡುತ್ತದೆ, ಆದರೆ ಮುಖ್ಯವಾಗಿ ಆರು ಕಾಯಿಲೆಗಳಿಗೆ: ನರಶೂಲೆ, ಸಂಧಿವಾತ, ಕುತ್ತಿಗೆಯಿಂದ ತೋಳಿಗಿಳಿಯುವ ನೋವು, ಹೆಗಲು ಸೆಟೆತ, ಸೊಂಟನೋವು, ಕುತ್ತಿಗೆ ಉಳುಕಿದ ಮೇಲೆ ಉಳಿಯುವ ತೊಂದರೆ. ಅದಕ್ಕೂ ಮೊದಲು ವೈದ್ಯರಿಂದ ‘ದೋಯಿಶೋ’ ಎಂಬ ಒಪ್ಪಿಗೆ ಪತ್ರ ಬೇಕು. ಆ ಪತ್ರದಲ್ಲಿ ತಣ್ಣಗಿನ ಹೊಟ್ಟೆಗೆ ಜಾಗವಿಲ್ಲ. ವಿಮೆಗೆ ನೋವಿನ ಹೆಸರು ಬೇಕು, ಚಿಕಿತ್ಸಕರಿಗೆ ನೋವಿನ ಬೇರು ಬೇಕು. ನೀವು ವೈದ್ಯರ ಮುಂದೆ ಸೊಂಟದ ಬಗ್ಗೆ ಹೇಳಿ, ಸೂಜಿಯವರ ಮುಂದೆ ನಿದ್ದೆ, ಹಸಿವು, ಕಾಲು ತಣ್ಣಗಾಗುವುದು ಎಲ್ಲವನ್ನೂ ಹೇಳಿ.

ನಾನು ಎಡವಿದ್ದು ಇಲ್ಲಿ: ಅದೇ ಸೊಂಟಕ್ಕೆ ಆಸ್ಪತ್ರೆಯಲ್ಲಿ ನೋವಿಗೆ ಅಂಟಿಸುವ ಔಷಧಿ ಪಟ್ಟಿಯನ್ನೂ ಬರೆಸಿಕೊಂಡಿದ್ದೆ. ಒಂದೇ ನೋವಿಗೆ ಏಕಕಾಲಕ್ಕೆ ಎರಡೂ ಕಡೆ ಚಿಕಿತ್ಸೆ ಪಡೆದರೆ ಸೂಜಿಗೆ ವಿಮೆ ಸಿಗುವುದಿಲ್ಲ. ಪೂರ್ತಿ ಹಣ ನನ್ನ ಜೇಬಿನಿಂದಲೇ ಹೋಯಿತು.

ಸಡಿಲವಾದ ಪ್ಯಾಂಟ್ ಹಾಕಿಕೊಂಡು ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಬಸುರಿಯಾಗಿದ್ದರೆ ಮೊದಲೇ ತಿಳಿಸಿ. ಸೂಜಿ ನೋಯಿಸಿದರೆ ಹಲ್ಲು ಕಚ್ಚಿಕೊಂಡು ಮಲಗಬೇಡಿ. ‘ಇತಾಯ್’ ಎಂದರೆ ಸಾಕು, ತೆಗೆದು ಬೇರೆ ಕಡೆ ಇಡುತ್ತಾರೆ.