ಭುಜ ಕೂತ ಮೇಲೆ ಶುರುವಾಗುವ ಕೆಲಸ

ಶಿರಸಿ ಕಡೆ ಮಳೆ ನಿಂತು ಕಬಡ್ಡಿ ಪಂದ್ಯಗಳು ಶುರುವಾದರೆ ನನ್ನ ಹತ್ತಿರ ಭುಜದ ಕೀಲು ಜಾರಿಸಿಕೊಂಡ ಹುಡುಗರು ಬರುತ್ತಾರೆ. ರೈಡರ್ ಕೈ ಚಾಚಿದಾಗಲೇ ಯಾರೋ ಅದನ್ನು ಹಿಂದಕ್ಕೆ ಎಳೆದಿರುತ್ತಾರೆ. ಕೆಲವರಿಗೆ ಮೈದಾನದಲ್ಲೇ ಜಗ್ಗಿ, ಎಣ್ಣೆ ತಿಕ್ಕಿ ಆಗಿರುತ್ತದೆ. ದಯವಿಟ್ಟು ಅದೊಂದು ಬೇಡ.

ಮೊದಲು ತೋಳಿನ ಹೊರಭಾಗ ಮುಟ್ಟಿ, ಸ್ಪರ್ಶ ಗೊತ್ತಾಗುತ್ತಾ ಅಂತ ಕೇಳುತ್ತೇನೆ. ಕೀಲು ಜಾರಿದಾಗ ಅಲ್ಲಿನ ನರಕ್ಕೆ ಪೆಟ್ಟಾಗಬಹುದು. ನಾಡಿ ನೋಡಿ ಎಕ್ಸ್‌ರೇ ತೆಗೆಸುತ್ತೇನೆ. ಆಮೇಲೆ ಕೀಲಿನೊಳಗೆ ನೋವು ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್ ಕೊಟ್ಟು ಸ್ವಲ್ಪ ಕಾಯುತ್ತೇನೆ. ಮೊಣಕೈಯನ್ನು ಪಕ್ಕೆಗೆ ತಾಗಿಸಿಟ್ಟು, ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸುತ್ತಾ ಕೀಲನ್ನು ಮತ್ತೆ ಕೂರಿಸುವುದು ನನ್ನ ಪದ್ಧತಿ. ಜಗ್ಗಾಟ ಇಲ್ಲ. ‘ನೋವಾದರೆ ಹೇಳು ತಮಾ, ಅಲ್ಲೇ ನಿಲ್ಲಿಸ್ತೇನೆ’ ಅಂದರೆ ಹುಡುಗ ಮೈ ಸಡಿಲ ಬಿಡುತ್ತಾನೆ. ಅರ್ಧ ಕೆಲಸ ಅಲ್ಲೇ ಆಯಿತು. ಕೂತ ಮೇಲೆ ನರ, ಎಕ್ಸ್‌ರೇ ಎರಡನ್ನೂ ಮತ್ತೆ ನೋಡಲೇಬೇಕು.

‘ಕೂತಿತಲ್ಲ ಡಾಕ್ಟ್ರೇ, ಇನ್ನೇನು?’ ಅನ್ನುತ್ತಾರೆ ಮನೆಯವರು. ಭುಜ ಮುಂದಕ್ಕೆ ಜಾರುವಾಗ ಕೀಲಿನ ಗುಳಿಯ ಅಂಚಿನ ಮೆದು ಪಟ್ಟಿ ಸಾಮಾನ್ಯವಾಗಿ ಕಿತ್ತು ಬಂದಿರುತ್ತದೆ. ಇದೇ ಬ್ಯಾಂಕಾರ್ಟ್ ಗಾಯ. 20 ವರ್ಷ ದಾಟದ ಆಟಗಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಭುಜ ಮತ್ತೆ ಜಾರುತ್ತದೆ. ಕೈಯನ್ನು ತಿಂಗಳುಗಟ್ಟಲೆ ಜೋಳಿಗೆಯಲ್ಲಿ ಕಟ್ಟಿಟ್ಟರೂ ಈ ಅಪಾಯ ಇಳಿಯುವುದಿಲ್ಲ. ಅದಕ್ಕೇ ನೋವು ಇಳಿಯುವವರೆಗೆ, ಒಂದೆರಡು ವಾರ ಮಾತ್ರ ಕಟ್ಟಿ, ಫಿಸಿಯೋಥೆರಪಿಗೆ ಕಳಿಸುತ್ತೇನೆ. ಬೆರಳು, ಮೊಣಕೈ ಮೊದಲ ದಿನದಿಂದಲೇ ಆಡಿಸಬೇಕು.

ಆಪರೇಷನ್ ಬೇಕಾ ಅನ್ನುವುದಕ್ಕೆ ನಾನು ವಯಸ್ಸಿನ ಜೊತೆ ಕಸುಬನ್ನೂ ಕೇಳುತ್ತೇನೆ. ಅಂಗಡಿಯಲ್ಲಿ ಕೂರುವವನು ವ್ಯಾಯಾಮ ಮಾಡಿ ಕಾದು ನೋಡಲಿ. ಆದರೆ ಅಡಿಕೆ ಕೊನೆಕೊಯ್ಲಿಗೆ ಹೋಗುವ ಹುಡುಗ? ಅಡಿಕೆ ಮರದ ತುದಿಯಲ್ಲಿ ಪಕ್ಕದ ಮರಕ್ಕೆ ಕೈ ಚಾಚಿದಾಗ ಭುಜ ಜಾರಿದರೆ ಆಳೇ ಕೆಳಗೆ. ಕಾರವಾರದ ದೋಣಿಯಲ್ಲಿ ಬಲೆ ಎಳೆಯುವವನ ಕಥೆಯೂ ಅಷ್ಟೇ. ಇಂಥವರಿಗೆ ಎಂಆರ್‌ಐ ಮಾಡಿಸಿ, ಪಟ್ಟಿ ಕಿತ್ತಿದ್ದರೆ ಮೊದಲ ಸಲವೇ ಕೀಲಿನೊಳಗೆ ಕ್ಯಾಮೆರಾ ಇರುವ ಸಣ್ಣ ನಳಿಗೆ ತೂರಿಸಿ ಹೊಲಿಸಿಕೊಳ್ಳಲು ಹೇಳುತ್ತೇನೆ. ‘ಒಂದೇ ಸಲ ಜಾರಿದ್ದಕ್ಕೆ ಆಪರೇಷನ್ನಾ?’ ಅಂತ ಅಪ್ಪಂದಿರು ಕೇಳುತ್ತಾರೆ, ನ್ಯಾಯವೇ. ಹೊಲಿದರೂ ಮತ್ತೆ ಜಾರುವ ಭಯ ಪೂರ್ತಿ ಹೋಗುವುದಿಲ್ಲ, ತುಂಬಾ ಕಡಿಮೆಯಾಗುತ್ತದೆ. ಕಬಡ್ಡಿಗೆ ಮರಳಲು ಸುಮಾರು 6 ತಿಂಗಳು ಬೇಕು.

ಬೇಡ ಅಂದವರ ಮೇಲೆ ಒತ್ತಾಯ ಮಾಡುವುದಿಲ್ಲ. ವ್ಯಾಯಾಮ ಮುಗಿಸಿ ಬಂದಾಗ ಕೈ ಮೇಲೆತ್ತಿ ಹಿಂದಕ್ಕೆ ತಿರುಗಿಸುತ್ತೇನೆ. ಜಾರೀತು ಅನ್ನುವ ಹೆದರಿಕೆ ಮುಖದಲ್ಲಿ ಕಂಡರೆ ಆಟಕ್ಕೆ ಬಿಡುವುದಿಲ್ಲ, ಆಪರೇಷನ್ ಮಾತನ್ನು ಮತ್ತೆ ಎತ್ತುತ್ತೇನೆ.